ಚೆಕ್‌ಬುಕ್ಕು, ಚೆಕ್‌ಡ್ಯಾಮು, ಚೆಕ್ಸ್ ಶರ್ಟು: ಎಲ್ಲಾ ಒಂದೇ ಚೆಕ್ಕಾ?

ಪ್ರಶ್ನೆ: ನಮಸ್ತೆ ಸರ್, ನಮ್ದು ತೀರ್ಥಹಳ್ಳಿ ಹತ್ರ ಅಡಿಕೆ ತೋಟ. ಮೊನ್ನೆ ಮಂಡಿಯವ್ರು ಕೊಟ್ಟ ಚೆಕ್ ಹಾಕೋಕೆ ಬ್ಯಾಂಕಿಗೆ ಹೋದಾಗ ಜೊತೆಗಿದ್ದ ಮಗ ಕೇಳ್ದ, ಅಪ್ಪಾ ಇದರಲ್ಲಿ ಸಿ ಎಚ್ ಇ ಕ್ಯೂ ಯು ಇ ಅಂತ ಇದೆ, ನಮ್ಮೂರ ಹಳ್ಳದ ಚೆಕ್‌ಡ್ಯಾಮ್ ಬೋರ್ಡಲ್ಲಿ ಸಿ ಎಚ್ ಇ ಸಿ ಕೆ ಅಂತ ಇದೆ, ಯಾವ್ದು ತಪ್ಪು ಅಂತ. ಅವನು ಚೆಸ್ ಬೇರೆ ಕಲೀತಾ ಇದಾನೆ, ಅಲ್ಲೂ ಚೆಕ್ಕು. ಆಮೇಲೆ ಚೆಕ್ಸ್ ಶರ್ಟು, ಆಗುಂಬೆ ಚೆಕ್‌ಪೋಸ್ಟು. ಇವೆಲ್ಲ ಒಂದೇ ಪದಾನಾ, ಬೇರೆ ಬೇರೇನಾ? ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಬ್ರು ಇದು ನಮ್ಮ 'ಚೌಕಿ'ಯಿಂದಾನೇ ಇಂಗ್ಲಿಷಿಗೆ ಹೋಗಿದ್ದು ಅಂತ ಹಾಕಿದ್ರು, ನಿಜಾನಾ?

ಉತ್ತರ: ಬ್ಯಾಂಕೂ ತಪ್ಪಲ್ಲ, ಬೋರ್ಡೂ ತಪ್ಪಲ್ಲ. ನೀವು ಹೇಳಿದ ಐದೂ ಚೆಕ್ ಒಂದೇ ಬೇರಿನವು. ಆದ್ರೆ ಆ ಬೇರು ಚೌಕಿ ಅಲ್ಲ ಮಾರಾಯ್ರೆ, ನಿಮ್ಮ ಮಗ ಆಡೋ ಚೆಸ್ಸಿನ ರಾಜ. ಚೌಕಿ ವಿಷಯಕ್ಕೆ ಕೊನೇಲಿ ಬರ್ತೀನಿ, ಯಾಕಂದ್ರೆ ಗ್ರೂಪಲ್ಲಿ ಹಾಕಿದವ್ರು ಪೂರ್ತಿ ಗಾಳಿಗೆ ಗುಂಡು ಹೊಡೆದಿದ್ದಲ್ಲ, ಗುಂಡು ಪಕ್ಕದ ಮರಕ್ಕೆ ತಾಗಿದೆ.

ಮೊದ್ಲು ರಾಜ. ಚದುರಂಗ ನಮ್ಮ ಕಡೆಯ ಆಟ, ಆನೆ ಕುದುರೆ ರಥ ಕಾಲಾಳು ಅಂತ ಸೈನ್ಯದ ನಾಲ್ಕು ಅಂಗ ಇರೋದ್ರಿಂದ ಚತುರಂಗ, ಅದು ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಆಯ್ತು, ಅಲ್ಲಿಂದ ಅರಬ್ಬರ ಬಾಯಲ್ಲಿ ಶತ್ರಂಜ್ ಆಯ್ತು. ಪರ್ಷಿಯನ್ನರು ರಾಜನಿಗೆ ಶಾ ಅಂತಾರೆ, ಎದುರಾಳಿ ರಾಜನ ಮೇಲೆ ದಾಳಿ ಬಿದ್ದಾಗ 'ಶಾ!' ಅಂತ ಬಾಯಿಬಿಟ್ಟು ಹೇಳಿ ಎಚ್ಚರಿಸೋರು, ನಿನ್ನ ರಾಜನ್ನ ನೋಡ್ಕೋ ಅನ್ನೋ ಅರ್ಥದಲ್ಲಿ. (ಈಗಿನ ಫಿಡೆ, ಅಂದ್ರೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯ, ನಿಯಮದಲ್ಲಿ ಹಾಗೆ ಹೇಳಲೇಬೇಕು ಅಂತೇನಿಲ್ಲ, ನಿಮ್ಮ ಮಗ ಟೂರ್ನಮೆಂಟಿಗೆ ಹೋದ್ರೆ ಅಲ್ಲಿ ಯಾರೂ ಹೇಳಲ್ಲ, ಹೇಳಿಲ್ಲ ಅಂತ ಜಗಳ ತೆಗಿಬೇಡ ಅಂತ ಹೇಳಿಡಿ.) ಈ ಆಟ ಯುರೋಪಿಗೆ ಹೋದಾಗ ಸ್ಪೇನಿನವ್ರು ಆಟದ ಹೆಸರನ್ನೇ ಇಟ್ಕೊಂಡ್ರು, ಅವರ ಅಹೆದ್ರೆಸ್ ಅನ್ನೋದು ಶತ್ರಂಜೇ, ಅಂದ್ರೆ ನಮ್ಮ ಚದುರಂಗವೇ. ಉಳಿದವ್ರಲ್ಲಿ ಹೆಚ್ಚಿನವ್ರು ಆಟದ ಹೆಸರು ಬಿಟ್ಟು ಆ ಕೂಗನ್ನೇ ಹಿಡ್ಕೊಂಡ್ರು. ಲ್ಯಾಟಿನ್ನಲ್ಲಿ ಸ್ಕಾಕಸ್, ಹಳೇ ಫ್ರೆಂಚಲ್ಲಿ ಎಸ್ಚೆಕ್, ಜರ್ಮನ್ನಲ್ಲಿ ಶಾಖ್. ಇಂಗ್ಲಿಷಿನವ್ರು ಫ್ರೆಂಚ್ ಪದದ ಮುಂದಿನ ಎಸ್ ಉದುರಿಸಿ ಚೆಕ್ ಮಾಡ್ಕೊಂಡ್ರು, 14ನೇ ಶತಮಾನದಲ್ಲಿ ಅದು ಇಂಗ್ಲಿಷ್ ಬರವಣಿಗೆಲಿ ಸಿಗುತ್ತೆ. ಇನ್ನೊಂದು ಮಜಾ ಏನಂದ್ರೆ ಚೆಸ್ ಅನ್ನೋ ಪದ ಆ ಎಸ್ಚೆಕ್‌ನ ಬಹುವಚನ. ಅಂದ್ರೆ ಆಟದ ಹೆಸರಿನ ಅರ್ಥ 'ಚೆಕ್‌ಗಳು', ಇನ್ನೂ ಹಿಂದಕ್ಕೆ ಹೋದ್ರೆ 'ರಾಜರು'.

ಆ ಶಾ ನಮಗೇನೂ ಹೊರಗಿನವನಲ್ಲ. ಹಳೇ ಪರ್ಷಿಯನ್ನಲ್ಲಿ ಅದರ ಉದ್ದದ ರೂಪ ಖ್ಶಾಯಥಿಯ, ಆಳೋನು ಅಂತ, ಅದರೊಳಗಿನ ಧಾತು ಸಂಸ್ಕೃತದ ಕ್ಷತ್ರ, ಕ್ಷತ್ರಿಯ ಪದಗಳ ಧಾತುವೇ. ಅವರ 'ಖ್ಶ' ನಮ್ಮ 'ಕ್ಷ', ಬಾಯಲ್ಲಿ ಹೇಳಿ ನೋಡಿ ಗೊತ್ತಾಗುತ್ತೆ. ಅದೇ ಬೇರಿಂದ ಬಂದ ಇನ್ನೊಂದು ಪರ್ಷಿಯನ್ ಪದ ಶಹರ್, ಮೊದಲು ರಾಜ್ಯ ಅಂತ ಅರ್ಥ, ಆಮೇಲೆ ಪಟ್ಟಣ ಅಂತ ಆಯ್ತು, ಅದು ಕನ್ನಡಕ್ಕೂ ಶಹರ ಆಗಿ ಬಂದು ಕೂತಿದೆ. ಹಿಸ್ಟರಿ ಪುಸ್ತಕದ ಕ್ಷತ್ರಪರೂ ಇದೇ ಮನೆಯವ್ರು. 1637ರಲ್ಲಿ ಕೆಳದಿ ಅರಸರ ಇಕ್ಕೇರಿ ಮೇಲೆ ಬಿದ್ದ ಬಿಜಾಪುರದವರ ಹೆಸರಲ್ಲೂ ಅದೇ ಶಾ ಇದೆ, ಆದಿಲ್ ಶಾಹಿ. ಕೆಳದಿಯವ್ರಿಗೆ ಅವತ್ತು ಬಿದ್ದ ಚೆಕ್ ಚೆಸ್‌ಬೋರ್ಡಿಂದಂತೂ ಅಲ್ಲ ಬಿಡಿ.

ಚೆಕ್‌ಮೇಟಲ್ಲಿರೋ ಮೇಟ್‌ಗೂ ಫ್ರೆಂಡ್ ಅನ್ನೋ ಅರ್ಥದ ಮೇಟ್‌ಗೂ ಸಂಬಂಧ ಇಲ್ಲ, ಅದು ಶಾ ಮಾತ್. ರಾಜ ಸತ್ತ ಅಂತ ಎಲ್ಲಾ ಕಡೆ ಬರೀತಾರೆ, ಅರಬ್ಬಿಲಿ ಮಾತ ಅಂದ್ರೆ ಸತ್ತ ಅಂತ ಇರೋದ್ರಿಂದ. ಆದ್ರೆ ಪರ್ಷಿಯನ್ನಲ್ಲಿ ಮಾತ್ ಅಂದ್ರೆ ದಿಕ್ಕು ತೋಚದೆ ನಿಂತವನು ಅಂತ, ನನಗೆ ಇದೇ ಸರಿ ಅನ್ಸುತ್ತೆ, ಯಾಕಂದ್ರೆ ಚೆಸ್ಸಲ್ಲಿ ರಾಜನ್ನ ಯಾರೂ ಹೊಡೆಯಲ್ಲ, ಅವನು ಸಿಕ್ಕಿಹಾಕ್ಕೊಂಡು ನಿಲ್ತಾನೆ, ಆಟ ಅಲ್ಲಿಗೆ ಮುಗೀತು.

ಈಗ ಹಳ್ಳಕ್ಕೆ ಇಳಿಯೋಣ. ಚೆಸ್ಸಲ್ಲಿ ಚೆಕ್ ಬಿದ್ರೆ ಏನಾಗುತ್ತೆ? ನೀವು ಏನು ಪ್ಲಾನ್ ಹಾಕ್ಕೊಂಡಿದ್ರೂ ಅದನ್ನ ಅಲ್ಲೇ ಬಿಟ್ಟು ಮೊದ್ಲು ರಾಜನ್ನ ನೋಡ್ಕೋಬೇಕು, ಕೈ ಕಟ್ಟಿದ ಹಾಗೆ. ಇದರಿಂದ ಇಂಗ್ಲಿಷಲ್ಲಿ ಚೆಕ್ ಅಂದ್ರೆ ತಟ್ಟಂತ ತಡೆಯೋದು, ಹಿಡಿತದಲ್ಲಿಡೋದು ಅನ್ನೋ ಅರ್ಥ ಬಂತು. ಹಳ್ಳದ ನೀರನ್ನ ತಡೆಯೋ ಒಡ್ಡಿಗೆ ಚೆಕ್‌ಡ್ಯಾಮ್ ಅಂದಿದ್ದು ಈ ಅರ್ಥದಲ್ಲಿ, ಅಲ್ಲಿ ಪರೀಕ್ಷೆ ಮಾಡೋಕೆ ಏನೂ ಇಲ್ಲ, ಬರೀ ತಡೆ, ನಾವು ಬೇಸಿಗೆ ಮುಂಚೆ ಹಳ್ಳಕ್ಕೆ ಕಟ್ಟ ಹಾಕ್ತೀವಲ್ಲ ಅದನ್ನೇ ಸಿಮೆಂಟಲ್ಲಿ ಮಾಡಿದ್ದು. ತಡೆದು ಹಿಡಿಯೋದ್ರಿಂದ ಮುಂದೆ ತಾಳೆ ನೋಡೋದು ಅನ್ನೋ ಅರ್ಥ ಹುಟ್ಟಿತು, ಒಂದು ಲೆಕ್ಕಕ್ಕೆ ಇನ್ನೊಂದು ಲೆಕ್ಕ ಎದುರು ಇಟ್ಟು ಕಳ್ಳಾಟ ತಡೆಯೋದು. ಇದು ಬಂದಿದ್ದು ತಡವಾಗಿ, 17ನೇ ಶತಮಾನದ ಹೊತ್ತಿಗೆ. ನಾವು ದಿನಕ್ಕೆ ನೂರು ಸಲ 'ಸ್ವಲ್ಪ ಚೆಕ್ ಮಾಡಿ' ಅಂತೀವಲ್ಲ, ಆ ಅರ್ಥ ಈ ಸಂಸಾರದಲ್ಲಿ ಕಿರಿಯರ ಸಾಲಿಂದು. ಆಗುಂಬೆ ಚೆಕ್‌ಪೋಸ್ಟಲ್ಲಿ ಎರಡೂ ಅರ್ಥ ಒಟ್ಟಿಗಿದೆ, ಮೊದ್ಲು ಗೇಟ್ ಹಾಕಿ ತಡೀತಾರೆ, ಆಮೇಲೆ ಡಿಕ್ಕಿ ತೆಗೆಸಿ ನೋಡ್ತಾರೆ.

ಇಲ್ಲಿಂದ ಕಥೆ ಎರಡು ಕವಲಾಗುತ್ತೆ, ನಿಮ್ಮ ಮಗ ಕೇಳಿದ ಸ್ಪೆಲ್ಲಿಂಗಿಗೆ ಉತ್ತರ ಇರೋದು ಇದರಲ್ಲೇ. ಮೇಲೆ ಹೇಳಿದ್ದೆಲ್ಲ ರಾಜನ ಕವಲು. ಇನ್ನೊಂದು, ಆಟದ ಹಲಗೆಯ ಕವಲು. ಫ್ರೆಂಚಲ್ಲಿ ಚೆಸ್‌ಬೋರ್ಡಿಗೆ ಎಸ್ಚೆಕಿಯೇ ಅಂತಿದ್ರು, ಅದು ಇಂಗ್ಲಿಷಿಗೆ ಬಂದು ಎಕ್ಸ್‌ಚೆಕರ್ ಆಯ್ತು. ಬ್ರಿಟನ್ನಿನ ಹಣಕಾಸು ಮಂತ್ರಿಗೆ ಇವತ್ತಿಗೂ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಅಂತಾರೆ ನೋಡಿ, ಪದದ ಪ್ರಕಾರ ಹೋದ್ರೆ ಅವರು ಚದುರಂಗದ ಹಲಗೆಯ ಮಂತ್ರಿ. ಖಜಾನೆಗೂ ಚೆಸ್‌ಬೋರ್ಡಿಗೂ ಏನು ಸಂಬಂಧ ಅಂದ್ರೆ, ಅಲ್ಲಿ ನಿಜವಾಗ್ಲೂ ಒಂದು ಟೇಬಲ್ ಇತ್ತು, ಅದರ ಮೇಲೆ ಗೆರೆ ಹಾಕಿದ ಒಂದು ಬಟ್ಟೆ ಇತ್ತು.

ಇದನ್ನ ವಿವರವಾಗಿ ಬರೆದಿಟ್ಟಿದ್ದು ರಿಚರ್ಡ್ ಫಿಟ್ಸ್‌ನೀಲ್ ಅಂತ, 12ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯ ಖಜಾಂಚಿ. ಟೇಬಲ್ ಹತ್ತಿರ ಹತ್ತಿರ 10 ಅಡಿ ಉದ್ದ, 5 ಅಡಿ ಅಗಲ, ಮೇಲಿಟ್ಟಿದ್ದು ಉರುಳಿ ಬೀಳದ ಹಾಗೆ ಸುತ್ತ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಕಪ್ಪು ಬಟ್ಟೆ, ಅದರಲ್ಲಿ ಒಂದಡಿಗೋ ಗೇಣಿಗೋ ಒಂದರಂತೆ ಗೆರೆ. ಒಂದೊಂದು ಅಂಕಣಕ್ಕೆ ಒಂದೊಂದು ಬೆಲೆ, ಬಲಗಡೆ ಕೊನೇದು ಪೆನ್ನಿ, ಅದರ ಎಡಕ್ಕೆ ಶಿಲ್ಲಿಂಗು, ಆಮೇಲೆ ಪೌಂಡು, ಹಾಗೇ ಇಪ್ಪತ್ತು, ನೂರು, ಸಾವಿರ. ವರ್ಷಕ್ಕೆ ಎರಡು ಸಲ, ಈಸ್ಟರ್ ಹೊತ್ತಿಗೊಮ್ಮೆ, ಸೆಪ್ಟೆಂಬರ್ ಕೊನೆಗೊಮ್ಮೆ, ಜಿಲ್ಲೆ ಜಿಲ್ಲೆಯ ಶೆರೀಫರು ವಸೂಲಿ ಲೆಕ್ಕ ಒಪ್ಪಿಸೋಕೆ ಬರೋರು. ಒಂದು ಕಡೆ ಖಜಾಂಚಿ, ಎದುರುಗಡೆ ಶೆರೀಫ, ನೀನು ಕೊಡಬೇಕಾಗಿದ್ದು ಇಷ್ಟು ಅಂತ ಒಂದು ಸಾಲು ಬಿಲ್ಲೆ ಇಡೋದು, ನೀನು ಕೊಟ್ಟಿದ್ದು ಇಷ್ಟು ಅಂತ ಕೆಳಗಿನ ಸಾಲಲ್ಲಿ ಇಡೋದು, ಕಳೆದು ಉಳಿದಿದ್ದು ಎಲ್ಲರ ಕಣ್ಣೆದುರೇ ಕಾಣೋದು. ಸೊನ್ನೆ ಇಲ್ಲದ ರೋಮನ್ ಅಂಕಿಲಿ ಅಷ್ಟು ದೊಡ್ಡ ಕೂಡು ಕಳೆ ಮಾಡೋದು ಯಾರಿಗೆ ಸಾಧ್ಯ ಹೇಳಿ, ಬಟ್ಟೆ ಮೇಲೆ ಬಿಲ್ಲೆ ಸರಿಸಿದ್ರೆ ಓದು ಬರಹ ಬಾರದವನಿಗೂ ಎಲ್ಲಿ ಸಿಕ್ಕಿಹಾಕ್ಕೊಂಡೆ ಅಂತ ಗೊತ್ತಾಗುತ್ತೆ. ಈ ಜಾಗಕ್ಕೆ ಚದುರಂಗದ ಹಲಗೆಯ ಹೆಸರು ಯಾಕೆ ಅನ್ನೋದಕ್ಕೆ ಫಿಟ್ಸ್‌ನೀಲ್ ಎರಡು ಕಾರಣ ಕೊಡ್ತಾನೆ. ಒಂದು, ನೋಡೋಕೆ ಹಾಗೇ ಇದೆ. ಎರಡನೇದು ನನಗೆ ಭಾರಿ ಇಷ್ಟ: ಅಲ್ಲಿ ಇಬ್ಬರು ರಾಜರ ಮಧ್ಯೆ ಯುದ್ಧ, ಇಲ್ಲಿ ಖಜಾಂಚಿಗೂ ಶೆರೀಫನಿಗೂ ಯುದ್ಧ, ಉಳಿದವ್ರು ಸುತ್ತ ಕೂತು ನೋಡೋರು.

ಮಲೆನಾಡಿನೋರಿಗೆ ಇದನ್ನ ಓದಿದ್ರೆ ಕಡತ ನೆನಪಾಗದೆ ಇರಲ್ಲ. ನಮ್ಮಲ್ಲೂ ಲೆಕ್ಕ ಕಪ್ಪು ಬಟ್ಟೆ ಮೇಲೇ ಇದ್ದಿದ್ದು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯೋದು, ಬೇಡ ಅಂದ್ರೆ ಒರೆಸಿ ಮತ್ತೆ ಬರೆಯೋದು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಈಗ ಆಫೀಸಲ್ಲಿ ಫೈಲಿಗೆ ಕಡತ ಅಂತೀವಿ, 'ಕಡತ ವಿಲೇವಾರಿ' ಅಂತ ಸರ್ಕಾರಿ ಪ್ರೆಸ್‌ನೋಟಲ್ಲಿ ದಿನಾ ಬರುತ್ತೆ, ಅದು ಬಟ್ಟೆಯಾಗಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತೋ. ಅಲ್ಲಿ ಬಟ್ಟೆಯ ಹೆಸರು ಖಜಾನೆಗೆ ಹೋಯ್ತು, ಇಲ್ಲಿ ಫೈಲಿಗೆ.

ದುಡ್ಡು ಕಟ್ಟಿದವನಿಗೆ ರಸೀದಿ ಬೇಕಲ್ಲ, ಅದಕ್ಕೆ ಅವರು ಮರದ ಕಡ್ಡಿ ಕೊಡೋರು. ಟ್ಯಾಲಿ ಅಂತ ಹೆಸರು. (ಮಂಡಿ ಕಂಪ್ಯೂಟರಲ್ಲಿ ಓಡ್ತಿರೋ ಅಕೌಂಟ್ಸ್ ಸಾಫ್ಟ್‌ವೇರಿನ ಹೆಸರೂ ಅದೇ.) ಕಡ್ಡಿ ಮೇಲೆ ಕಚ್ಚು ಹಾಕೋದು, ಸಾವಿರ ಪೌಂಡಾದ್ರೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಗಲ, ಇಪ್ಪತ್ತಕ್ಕೆ ಕಿರುಬೆರಳಗಲ, ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು, ಪೆನ್ನಿಗೆ ಮರ ತೆಗೆಯದೆ ಬರೀ ಒಂದು ಗೀರು. ಆಮೇಲೆ ಕಡ್ಡಿನ ಉದ್ದಕ್ಕೆ ಸೀಳಿ ಒಂದು ಹೋಳು ಕಟ್ಟಿದವನಿಗೆ, ಇನ್ನೊಂದು ಖಜಾನೆಗೆ. ಮುಂದೊಂದಿನ ತಕರಾರು ಬಂದ್ರೆ ಎರಡೂ ಹೋಳು ಜೋಡಿಸಿ ನೋಡಿದ್ರಾಯ್ತು, ಒಬ್ಬ ತನ್ನ ಹೋಳಲ್ಲಿ ಕಚ್ಚು ಜಾಸ್ತಿ ಮಾಡ್ಕೊಂಡಿದ್ರೆ ಇನ್ನೊಂದರಲ್ಲಿ ಅದು ಇರಲ್ಲ, ಮರದ ಎಳೆ ಸುಳ್ಳು ಹೇಳಲ್ಲ. ಖಜಾನೆ ಕಡೆ ಉಳಿಯೋ ಹೋಳಿಗೆ ಫಾಯಿಲ್ ಅಂತಿದ್ರು, ಚೆಕ್‌ಬುಕ್ಕಲ್ಲಿ ಉಳಿಯೋ ಕೌಂಟರ್‌ಫಾಯಿಲಲ್ಲಿ ಇರೋದು ಆ ಫಾಯಿಲ್ಲೇ, ಅಡಿಗೆಮನೆ ಅಲ್ಯೂಮಿನಿಯಂ ಫಾಯಿಲ್ ಅದರ ಅಣ್ಣತಮ್ಮ, ಎರಡಕ್ಕೂ ಮೂಲ ಎಲೆ ಅನ್ನೋ ಅರ್ಥದ ಲ್ಯಾಟಿನ್ ಪದ. ಈ ಕಡ್ಡಿ ಪದ್ಧತಿ 1826ರ ತನಕ ನಡೀತು ಅಂದ್ರೆ ನಂಬ್ತೀರಾ? ನಿಂತಮೇಲೆ ರಾಶಿ ಬಿದ್ದಿದ್ದ ಹಳೇ ಕಡ್ಡಿನೆಲ್ಲ 1834ರ ಅಕ್ಟೋಬರ್ 16ಕ್ಕೆ ಪಾರ್ಲಿಮೆಂಟಿನ ಕೆಳಗಿನ ಒಲೆಗಳಿಗೆ ತುಂಬಿ ಸುಟ್ರು, ಒಲೆ ವಿಪರೀತ ಕಾದು ಬೆಂಕಿ ಮೇಲಕ್ಕೆ ಹತ್ತಿ ಪಾರ್ಲಿಮೆಂಟ್ ಕಟ್ಟಡವೇ ಸುಟ್ಟು ಹೋಯ್ತು. ಈಗ ಟಿವಿಲಿ ನೋಡೋದು ಆಮೇಲೆ ಕಟ್ಟಿದ್ದು.

ಇನ್ನು ನಿಮ್ಮ ಕೈಲಿದ್ದ ಚೆಕ್. ಬ್ಯಾಂಕಿಗೆ ಚೀಟಿ ಬರೆದು 'ಇವರಿಗೆ ಇಷ್ಟು ಕೊಡಿ' ಅನ್ನೋದು ಇಂಗ್ಲೆಂಡಲ್ಲಿ 17ನೇ ಶತಮಾನದಲ್ಲೇ ಇತ್ತು, 1659ರ ಒಂದು ಕೈಬರಹದ ಚೀಟಿ, 400 ಪೌಂಡಿಂದು, ಇನ್ನೂ ಉಳಿದಿದೆ. ಆದ್ರೆ ಆಗ ಅದಕ್ಕೆ ಚೆಕ್ ಅನ್ನೋ ಹೆಸರಿರಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ 1717ರ ಹೊತ್ತಿಗೆ ಅಚ್ಚು ಹಾಕಿದ ಫಾರಂ ತಂತು, ನಂಬರ್ ಇರೋದು, ಗಿರಾಕಿ ಖುದ್ದಾಗಿ ಹೋಗಿ ಇಸ್ಕೊಂಡು ಬರಬೇಕು. ಕಳ್ಳಸಹಿ, ತಿದ್ದುಪಡಿ ತಡೆಯೋಕೆ ಅಂತ ಅದರ ಒಂದು ಭಾಗ ಹರಿದು ಇಟ್ಕೊಳ್ಳೋ ವ್ಯವಸ್ಥೆ, ಆ ಹರಿದಿಟ್ಟುಕೊಳ್ಳೋ ತುಂಡಿಗೇ ಮೊದ್ಲು ಚೆಕ್ ಅಂದಿದ್ದು, ತಾಳೆ ನೋಡೋ ತುಂಡು ಅಂತ. ಮೊದಲು ಚೆಕ್ ಅನಿಸಿಕೊಂಡಿದ್ದು ಬುಕ್ಕಲ್ಲೇ ಉಳಿಯೋ ಕೌಂಟರ್‌ಫಾಯಿಲ್ಲು, ಬ್ಯಾಂಕಿಗೆ ಕೊಡೋ ಎಲೆ ಅಲ್ಲ. ಆಮೇಲೆ ನಿಧಾನಕ್ಕೆ ಹೆಸರು ಇಡೀ ಚೀಟಿಗೆ ಜಾರಿತು.

ಈಗ ಸ್ಪೆಲ್ಲಿಂಗು. ಹುಟ್ಟಿದಾಗ ಬ್ಯಾಂಕಿನ ಚೆಕ್ಕೂ ಸಿ ಕೆ ಇರೋ ಚೆಕ್ಕೇ, ತಡೆಯೋ ಚೆಕ್ಕೇ, ರಾಜನ ಕವಲಿಂದು. ಆದ್ರೆ ದುಡ್ಡಿನ ವಿಷಯ ಆದ್ರಿಂದ ಜನರ ಕಣ್ಣು ಎಕ್ಸ್‌ಚೆಕರ್ ಕಡೆ ಹೋಯ್ತು, ಅದರಲ್ಲಿ ಕ್ಯೂ ಯು ಇದೆ, ಖಜಾನೆಯಿಂದ ಹೊರಡೋ ಎಕ್ಸ್‌ಚೆಕರ್ ಬಿಲ್ ಅನ್ನೋ ಪತ್ರಗಳೂ ಚಾಲ್ತಿಲಿದ್ವು, ಸರಿ ಇದಕ್ಕೂ ಕ್ಯೂ ಯು ಇರಲಿ ಅಂತ ಸೇರ್ಕೊಂಡಿತು. ರಾಜನ ಮನೇಲಿ ಹುಟ್ಟಿ ಹಲಗೆ ಮನೆಯ ಅಂಗಿ ಹಾಕ್ಕೊಂಡ ಪದ ಅದು. ಸುಮಾರು ಕಾಲ ಎರಡೂ ಥರ ಬರೀತಿದ್ರು, 19ನೇ ಶತಮಾನದಲ್ಲಿ ಬ್ರಿಟನ್ನಲ್ಲಿ ಬ್ಯಾಂಕಿಗೆ ಕ್ಯೂ, ಉಳಿದಿದ್ದಕ್ಕೆ ಸಿ ಕೆ ಅಂತ ಗಟ್ಟಿಯಾಯ್ತು, ನಮಗೆ ಬಂದಿದ್ದು ಅದೇ. ಅಮೆರಿಕದವ್ರು ಈ ಗೋಜಿಗೆ ಹೋಗಲಿಲ್ಲ, ಅವರಿಗೆ ಬ್ಯಾಂಕಿಂದೂ ಸಿ ಕೆ. ನಿಮ್ಮ ನೆಂಟರ ಮಕ್ಕಳು ಯಾರಾದ್ರೂ ಅಲ್ಲಿಂದ ಮೆಸೇಜಲ್ಲಿ ಹಾಗೆ ಬರೆದ್ರೆ ತಿದ್ದೋಕೆ ಹೋಗಬೇಡಿ. ಎಕ್ಸ್‌ಚೆಕರ್‌ನ ಆ ಎಕ್ಸ್ ಕೂಡ ಅತಿಬುದ್ಧಿ ಮಾಡಿದ ಕೆಲಸ, ಫ್ರೆಂಚಲ್ಲಿ ಬರೀ ಎಸ್ ಇದ್ದಿದ್ದನ್ನ ಇದು ಲ್ಯಾಟಿನ್ನಿನ ಎಕ್ಸ್ ಇರಬೇಕು ಅಂತ ಪಂಡಿತರು ಸೇರಿಸಿದ್ದು. ನಿಜ ಹೇಳ್ಬೇಕಂದ್ರೆ ಎಲ್ಲದಕ್ಕೂ 'ಚೆಕ್' ಅಂತ ಒಂದೇ ಥರ ಬರೆಯೋ ನಮ್ಮ ಕನ್ನಡವೇ ಇದರಲ್ಲಿ ನೆಟ್ಟಗಿದೆ.

ಶರ್ಟಿಂದು ಎರಡು ಮಾತಲ್ಲಿ ಮುಗೀತದೆ. ಅದು ಅಪ್ಪಟ ಹಲಗೆ ಕವಲಿಂದು, ಚೆಸ್‌ಬೋರ್ಡಿನ ಹಾಗೆ ಮನೆ ಮನೆ ಇರೋ ಬಟ್ಟೆ, ಚೆಕರ್ ಅನ್ನೋದನ್ನ ಮೊಟಕು ಮಾಡಿ ಚೆಕ್. ಕಾರ್ ರೇಸ್ ಮುಗಿದಾಗ ಬೀಸೋ ಕಪ್ಪು ಬಿಳಿ ಬಾವುಟಾನೂ ಅದೇ. ಅಂದಹಾಗೆ ಮಗ ಮ್ಯಾಪ್ ನೋಡಿ ಚೆಕ್ ರಿಪಬ್ಲಿಕ್ ಬಗ್ಗೆ ಕೇಳಿದ್ರೆ, ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಅನ್ನಿ, ಅದು ಆ ಜನರ ಹೆಸರು, ಸ್ಪೆಲ್ಲಿಂಗೇ ಬೇರೆ. ಇಲ್ಲಿ ಮಾತ್ರ ಕನ್ನಡದಲ್ಲಿ ಬರೆದ್ರೆ ಮೋಸ ಹೋಗ್ತೀವಿ.

ಈಗ ಚೌಕಿ. ಸದ್ದು ಒಂದೇ ಥರ ಇದೆ, ಅರ್ಥಾನೂ ಹತ್ರ ಇದೆ, ಚೌಕಿಲಿ ತಡೀತಾರೆ ಚೆಕ್‌ಪೋಸ್ಟಲ್ಲೂ ತಡೀತಾರೆ, ಚೌಕಳಿ ಟವೆಲಲ್ಲೂ ಚೆಕ್ಸ್ ಶರ್ಟಲ್ಲೂ ಚೌಕಾನೇ, ಯಾರಿಗಾದ್ರೂ ಹಾಗೆ ಅನ್ಸುತ್ತೆ. ಆದ್ರೆ ಇಂಥ ಕಡೆ ಕಿವಿ ನಂಬಬಾರದು, ತಾರೀಖು ನೋಡ್ಬೇಕು. ಈಸ್ಟ್ ಇಂಡಿಯಾ ಕಂಪನಿ ಶುರುವಾಗಿದ್ದು 1600ರಲ್ಲಿ. ಇಂಗ್ಲಿಷಲ್ಲಿ ಚೆಕ್ ಅದಕ್ಕಿಂತ ಇನ್ನೂರು ವರ್ಷಕ್ಕೂ ಮೊದಲೇ ಇದೆ, ಖಜಾನೆ ಬಟ್ಟೆಯ ಲೆಕ್ಕ ಹಿಡಿದ್ರೆ ನಾನೂರು ವರ್ಷ ಮೊದಲು, ಆಗ ಯಾವ ಇಂಗ್ಲಿಷಿನವನೂ ನಮ್ಮ ಚೌಕಿಯ ಮುಂದೆ ನಿಂತಿರಲಿಲ್ಲ. ಜೊತೆಗೆ ಹಳೇ ರೂಪಗಳೆಲ್ಲ ಸ್ಕಾಕಸ್, ಎಸ್ಚೆಕ್ ಅಂತ ಮುಂದೆ 'ಸ' ಇಟ್ಕೊಂಡೇ ಇವೆ, ಚೌಕಿಯಿಂದ ಬಂದಿದ್ರೆ ಆ 'ಸ' ಎಲ್ಲಿಂದ ಬರ್ಬೇಕು? ಶಾ ಇಂದ ಬಂದಿದ್ರಿಂದ ಅದು ಇರೋದು.

ಚೌಕಿದು ಬೇರೆಯದೇ ವಂಶ. ಸಂಸ್ಕೃತದ ಚತುಷ್ಕ, ನಾಲ್ಕು ಮೂಲೆಯದು, ಅದರಿಂದ ಚೌಕ, ಚೌಕಿ. ನಮ್ಮ ಕಡೆ ಮಧ್ಯ ಅಂಗಳ ಬಿಟ್ಟು ನಾಲ್ಕೂ ಕಡೆ ಕಟ್ಟಿರೋದು ಚೌಕಿಮನೆ, ಯಕ್ಷಗಾನದವ್ರು ಬಣ್ಣ ಹಚ್ಕೊಳ್ಳೋ ಜಾಗ ಚೌಕಿ, ಗಣಪತಿ ಪೂಜೆ ಆಗೋದೂ ಅಲ್ಲೇ, ಪೊಲೀಸ್ ಚೌಕಿ, ಹಿಂದಿನ ಸುಂಕದ ಚೌಕಿ. ಆಟದ ಹೆಸರು ಚತುರಂಗದಲ್ಲೂ ಅದೇ ನಾಲ್ಕು ಇದೆ, ಹಾಗಾಗಿ ಚೌಕಿಗೂ ಚದುರಂಗಕ್ಕೂ ನೆಂಟಸ್ತನ ಇದೆ, ಚೆಕ್‌ಗೆ ಇಲ್ಲ. ಗ್ರೂಪಿನವ್ರ ಗುಂಡು ಪಕ್ಕದ ಮರಕ್ಕೆ ತಾಗಿದೆ ಅಂದಿದ್ದು ಇದಕ್ಕೇ.

ಆದ್ರೆ ಇಂಗ್ಲಿಷಿನವ್ರು ಚೌಕಿನ ಬಿಟ್ಟು ಹೋದ್ರು ಅಂತಲ್ಲ. ಕಂಪನಿಯವ್ರು ದಾರಿ ದಾರಿಲಿ ಸುಂಕದ ಚೌಕಿ, ಕಾವಲು ಚೌಕಿ ನೋಡಿ ನೋಡಿ ಆ ಪದಾನ ತಮ್ಮ ಕಾಗದ ಪತ್ರದಲ್ಲಿ ಬರೀತಾ ಬಂದ್ರು, ಚೌಕಿಲಿ ಕಳ್ಳರನ್ನ ಕೂಡಿಹಾಕ್ತಿದ್ರಿಂದ ಅದಕ್ಕೆ ಲಾಕಪ್ ಅನ್ನೋ ಅರ್ಥ ಬಂತು, ಬ್ರಿಟಿಷ್ ಸೈನಿಕರ ಬಾಯಲ್ಲಿ ಅವರ ಊರಿಗೂ ಹೋಯ್ತು. ಬ್ರಿಟನ್ನಿನ ಆಡುಮಾತಲ್ಲಿ ಇವತ್ತಿಗೂ ಜೈಲಿಗೆ 'ಚೋಕಿ' ಅಂತಾರೆ. ಗ್ರೂಪಲ್ಲಿ ಹಾಕೋದಾದ್ರೆ ಇದನ್ನ ಹಾಕಿ, ಇದು ನಿಜ.